ನೆಗಡಿಗೆ ಹಿತ್ತಲ ಮದ್ದು ಸಾಕು, ಆದರೆ ಮದ್ದಿಗೂ ಒಂದು ಲೆಕ್ಕ ಬೇಕು



ಮುಂಗಾರು ಶುರುವಾದಾಗ ಒಂದು ಸುತ್ತು, ಮಾಗಿ ಚಳಿ ಬಿದ್ದಾಗ ಇನ್ನೊಂದು ಸುತ್ತು. ನೆಗಡಿ ಯಾರನ್ನೂ ಬಿಡೋದಿಲ್ಲ. ಸರಿಯಾಗಿ ಅದೇ ಹೊತ್ತಿಗೆ ವಾಟ್ಸಾಪ್ ಗ್ರೂಪುಗಳಲ್ಲೂ ಮದ್ದಿನ ಮಳೆ ಸುರಿಯುತ್ತೆ. ಒಬ್ಬರು ಇದನ್ನು ಕುಡಿದರೆ ಒಂದೇ ರಾತ್ರಿಗೆ ಮಾಯ ಅಂತಾರೆ, ಇನ್ನೊಬ್ಬರು ಅದನ್ನು ಮೂಗಿಗೆ ಬಿಡಿ ಅಂತಾರೆ, ಮತ್ತೊಬ್ಬರು ಮಾತ್ರೆ ಹೆಸರನ್ನೇ ಫೋಟೋ ಹೊಡೆದು ಹಾಕ್ತಾರೆ. ಶೀತ ಆಯ್ತು ಅಂತ ಮೂಗು ಕೊಯ್ಕೊಂಡ ಹಾಗೆ ಅಂತ ನಮ್ಮ ಹಿರಿಯರು ಹೇಳೋ ಗಾದೆ ನೆನಪಾಗುತ್ತೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡ್ತೀನಿ. ಸಾಮಾನ್ಯ ನೆಗಡಿಗೆ ನಮ್ಮ ಅಡುಗೆಮನೆ ಮತ್ತು ಹಿತ್ತಲು ಸಾಕು. ಅಂಗಡಿಯಿಂದ ಕೇಳಿ ತರುವ ಆಂಟಿಬಯೋಟಿಕ್ ಬೇಡ. ಆದರೆ ಹಿತ್ತಲ ಮದ್ದಿಗೂ ಪ್ರಮಾಣ ಇದೆ, ಮಿತಿ ಇದೆ. ಅದಕ್ಕಿಂತ ಮುಖ್ಯವಾಗಿ, ಮೂಗು ಸೋರುವುದೆಲ್ಲ ನೆಗಡಿ ಅಲ್ಲ. ಬೆಳೆಗೆ ಔಷಧಿ ಹೊಡೆಯುವ ರೈತ ಈ ಕೊನೇ ಮಾತನ್ನು ಎಲ್ಲರಿಗಿಂತ ಚೆನ್ನಾಗಿ ತಿಳಿದಿರಬೇಕು.

ಗೋಕುಲಂನಲ್ಲಿ ಕಷಾಯ, ಊರಲ್ಲಿ ಇಂಜೆಕ್ಷನ್

ನಾನು ಇರೋದು ಮೈಸೂರಿನ ಗೋಕುಲಂನಲ್ಲಿ, ಜಮೀನು ಇರೋದು ಹುಣಸೂರು ಕಡೆ. ವಾರದಲ್ಲಿ ಎರಡು ಮೂರು ದಿನ ಊರಲ್ಲಿ, ಉಳಿದ ದಿನ ಇಲ್ಲಿ. ಹಾಗಾಗಿ ಎರಡೂ ಕಡೆಯ ನೆಗಡಿ ನೋಡೋ ಅವಕಾಶ ನನಗಿದೆ.

ಗೋಕುಲಂ ಗೊತ್ತಲ್ಲ, ಕೆ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗದಿಂದ ಪ್ರಪಂಚಕ್ಕೆಲ್ಲ ಹೆಸರಾದ ಬಡಾವಣೆ. ಯೋಗ ಕಲಿಯೋಕೆ ಹೊರದೇಶದವರು ಬಂದು ತಿಂಗಳುಗಟ್ಟಲೆ ಇರ್ತಾರೆ. ಅವರಿಗೆ ಮೂಗು ಕಟ್ಟಿದರೆ ಕೆಫೆಗೆ ಹೋಗಿ ಶುಂಠಿ-ನಿಂಬೆ-ಜೇನಿನ ಟೀ ಕೇಳ್ತಾರೆ. ನಮ್ಮ ಅವ್ವಂದಿರು ಮಲಗೋ ಮುಂಚೆ ಕೊಡ್ತಿದ್ದ ಅರಿಶಿನದ ಹಾಲು ಅಲ್ಲಿ ಇಂಗ್ಲಿಷ್ ಹೆಸರಿಟ್ಟುಕೊಂಡು ಒಳ್ಳೇ ದುಡ್ಡಿಗೆ ಮಾರಾಟ ಆಗುತ್ತೆ.

ಆ ಶುಂಠಿ ಬೆಳೆದವರು ಯಾರು? ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ನಾವೇ. ಅರಿಶಿನ ಬೆಳೆದವರು ಚಾಮರಾಜನಗರದವರು. ಮೆಣಸು, ಜೇನು ಕೊಡಗಿನದು. ಆದರೆ ಅದೇ ಶುಂಠಿ ಬೆಳೆದ ಹುಡುಗನಿಗೆ ನೆಗಡಿ ಆದರೆ ಏನು ಮಾಡ್ತಾನೆ? ಬೈಕ್ ಹತ್ತಿ ಹೋಗಿ "ಅಣ್ಣಾ, ನೆಗಡಿಗೆ ಒಂದು ಸೆಟ್ ಮಾತ್ರೆ ಕೊಡಿ" ಅಂತಾನೆ. ಪೊಟ್ಟಣದಲ್ಲಿ ನಾಲ್ಕು ಬಣ್ಣದ ಮಾತ್ರೆ ಬರುತ್ತೆ, ಯಾವುದು ಏನು ಅಂತ ಅವನಿಗೂ ಗೊತ್ತಿರಲ್ಲ. ಇಲ್ಲದಿದ್ದರೆ "ಒಂದು ಇಂಜೆಕ್ಷನ್ ಹಾಕಿಬಿಡಿ, ನಾಳೆ ಕೆಲಸ ಇದೆ" ಅಂತ ದುಂಬಾಲು ಬೀಳ್ತಾನೆ. ಪಟ್ಟಣದವರು ದುಡ್ಡು ಕೊಟ್ಟು ಕಷಾಯ ಕುಡೀತಾರೆ, ಬೆಳೆದವರು ದುಡ್ಡು ಕೊಟ್ಟು ಬೇಡದ ಮಾತ್ರೆ ನುಂಗ್ತಾರೆ. ನನಗೆ ಬೇಜಾರು ಅನ್ನಿಸೋದು ಇದೇ.

ನೆಗಡಿ ಅಂದ್ರೆ ನಂಜು ರೋಗ

ರೈತರಿಗೆ ಇದನ್ನು ಅರ್ಥ ಮಾಡಿಸೋದು ಸುಲಭ. ಬೆಂಡೆಗೆ ಹಳದಿ ನಂಜು ಬರುತ್ತೆ, ಪಪ್ಪಾಯಿಗೆ ಉಂಗುರ ಚುಕ್ಕೆ ನಂಜು ಬರುತ್ತೆ. ಆ ವೈರಸ್ಸನ್ನೇ ಕೊಲ್ಲುವ ಔಷಧಿ ಯಾವ ಅಂಗಡಿಯಲ್ಲೂ ಸಿಗೋದಿಲ್ಲ ಅಂತ ನಿಮಗೆ ಗೊತ್ತು. ದಾಳಿಂಬೆಯ ದುಂಡಾಣು ಅಂಗಮಾರಿಗೆ ಹೊಡೆದ ಸ್ಟ್ರೆಪ್ಟೊಸೈಕ್ಲಿನ್ ತಂದು ಪಪ್ಪಾಯಿ ನಂಜಿಗೆ ಹೊಡೆದರೆ ಏನಾಗುತ್ತೆ? ದುಡ್ಡು ಹೋಗುತ್ತೆ, ರೋಗ ಹಾಗೇ ಇರುತ್ತೆ.

ನೆಗಡಿಯೂ ವೈರಸ್ಸಿನಿಂದಲೇ ಬರೋದು. ನೆಗಡಿ ತರುವ ವೈರಸ್ಸುಗಳು 200ಕ್ಕೂ ಹೆಚ್ಚು ಬಗೆಯಿವೆ, ಅದರಲ್ಲಿ ರೈನೋವೈರಸ್ ಅನ್ನೋದು ಎಲ್ಲಕ್ಕಿಂತ ಸಾಮಾನ್ಯ. ಆಂಟಿಬಯೋಟಿಕ್ ಕೊಲ್ಲೋದು ಬ್ಯಾಕ್ಟೀರಿಯಾವನ್ನು, ಅಂದರೆ ದುಂಡಾಣುವನ್ನು. ವೈರಸ್ಸನ್ನು ಅದು ಮುಟ್ಟೋದೂ ಇಲ್ಲ. ಬದಲಿಗೆ ಹೊಟ್ಟೆಯಲ್ಲಿರುವ ಒಳ್ಳೇ ದುಂಡಾಣು ಸಾಯುತ್ತೆ, ಉಳಿದ ಕೆಟ್ಟವು ಆ ಔಷಧಕ್ಕೆ ಬಗ್ಗದ ಹಾಗೆ ಗಟ್ಟಿಯಾಗ್ತವೆ. ಒಂದೇ ಕೀಟನಾಶಕವನ್ನು ಮತ್ತೆ ಮತ್ತೆ ಹೊಡೆದರೆ ಹುಳ ಸಾಯದ ಹಾಗೆ ಆಗುತ್ತಲ್ಲ, ಅದೇ ಕಥೆ. ನಾಳೆ ನಿಜವಾಗಿ ನ್ಯುಮೋನಿಯಾ ಬಂದಾಗ, ಗಾಯ ಕೀವಾದಾಗ ಆ ಮಾತ್ರೆ ಕೈಕೊಡುತ್ತೆ.

ಸಾಮಾನ್ಯ ನೆಗಡಿ ಏಳರಿಂದ ಹತ್ತು ದಿನದಲ್ಲಿ ತಾನಾಗೇ ಹೋಗುತ್ತೆ. "ಮದ್ದು ತಗೊಂಡ್ರೆ ಏಳು ದಿನ, ತಗೊಳ್ಳದಿದ್ರೆ ಒಂದು ವಾರ" ಅನ್ನೋದು ತಮಾಷೆ ಮಾತಾದರೂ ನಿಜ. ಹಾಗಾದರೆ ಮನೆಮದ್ದು ಯಾಕೆ? ಆ ಏಳು ದಿನ ಗಂಟಲು ಉರಿ ಕಡಿಮೆ ಇರಲಿ, ರಾತ್ರಿ ನಿದ್ದೆ ಬರಲಿ, ಮೈಗೆ ನೀರು ಸೇರಲಿ ಅಂತ. ಮನೆಮದ್ದಿನ ಕೆಲಸ ಅಷ್ಟೇ, ಅದು ಸಣ್ಣ ಕೆಲಸವೇನಲ್ಲ.

ಯಾವುದು, ಎಷ್ಟು, ಹೇಗೆ

ನಮ್ಮ ಮನೆಗಳಲ್ಲಿ ನಡೆದುಕೊಂಡು ಬಂದಿರೋದನ್ನೇ ಅಳತೆ ಸಮೇತ ಹೇಳ್ತೀನಿ.

ಉಪ್ಪುನೀರು: ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ದಿನಕ್ಕೆ ಮೂರು ನಾಲ್ಕು ಸಲ ಗಂಟಲಲ್ಲಿ ಗಳಗಳ ಮುಕ್ಕಳಿಸಿ ಉಗಿಯಿರಿ. ಖರ್ಚಿಲ್ಲದ ಮದ್ದು, ಗಂಟಲು ನೋವಿಗೆ ಮೊದಲು ಮಾಡಬೇಕಾದದ್ದು ಇದೇ.

ಜೇನು: ಕೆಮ್ಮಿಗೆ ಮನೆಮದ್ದುಗಳಲ್ಲೆಲ್ಲ ಹೆಚ್ಚು ಆಧಾರ ಇರೋದು ಇದಕ್ಕೆ. 2018ರಲ್ಲಿ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಮಾರ್ಗಸೂಚಿಯೇ ಸಾಮಾನ್ಯ ಕೆಮ್ಮಿಗೆ ಆಂಟಿಬಯೋಟಿಕ್ ಬದಲು ಮೊದಲು ಜೇನು ನೋಡಿ ಅಂತ ಹೇಳಿತು. ಮಲಗುವ ಮುಂಚೆ ಒಂದು ಚಮಚ ಸಾಕು. ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನು ನೆಕ್ಕಿಸಲೇಬೇಡಿ. ಜೇನಿನಲ್ಲಿ ಬೊಟುಲಿಸಂ ರೋಗಾಣುವಿನ ಬೀಜಾಣು ಇರಬಹುದು. ದೊಡ್ಡವರಿಗೆ ಅದು ಏನೂ ಮಾಡಲ್ಲ, ಎಳೇ ಕೂಸಿನ ಕರುಳಲ್ಲಿ ಬೆಳೆದು ಜೀವಕ್ಕೇ ತರುತ್ತೆ.

ಶುಂಠಿ-ಮೆಣಸಿನ ಕಷಾಯ: ಒಂದೂವರೆ ಲೋಟ ನೀರಿಗೆ ಹೆಬ್ಬೆಟ್ಟಿನ ಒಂದು ಗೆಣ್ಣಿನಷ್ಟು ಶುಂಠಿ ಜಜ್ಜಿ ಹಾಕಿ, ನಾಲ್ಕೈದು ಕಾಳು ಮೆಣಸು, ಅರ್ಧ ಚಮಚ ಜೀರಿಗೆ, ಆರೇಳು ತುಳಸಿ ಎಲೆ. ಒಂದು ಲೋಟಕ್ಕೆ ಇಳಿಯೋವರೆಗೆ ಕುದಿಸಿ, ಬೆಲ್ಲ ಹಾಕಿ ಕುಡಿಯಿರಿ. ದಿನಕ್ಕೆ ಎರಡು ಲೋಟ ಸಾಕು. ಬೇಗ ಹೋಗಲಿ ಅಂತ ಐದಾರು ಲೋಟ ಕುಡಿದರೆ ನೆಗಡಿ ಜೊತೆಗೆ ಎದೆ ಉರಿಯೂ ಬರುತ್ತೆ. ಒಣಶುಂಠಿ ಹಾಕೋದಾದರೆ ಕಮ್ಮಿ ಹಾಕಿ. ಒಣಗಿದಾಗ ಶುಂಠಿಯ ಖಾರದ ಅಂಶ ಬೇರೆ ರೂಪಕ್ಕೆ ತಿರುಗಿ ಇನ್ನೂ ಖಾರ ಆಗುತ್ತೆ.

ಅರಿಶಿನದ ಹಾಲು: ಕಾಲು ಚಮಚ ಅರಿಶಿನ, ಜೊತೆಗೆ ಒಂದು ಚಿಟಿಕೆ ಮೆಣಸಿನ ಪುಡಿ. ಮೆಣಸು ಯಾಕೆ ಅಂದ್ರೆ, ಅರಿಶಿನದ ಕರ್ಕ್ಯುಮಿನ್ ಅಂಶ ಮೈಗೆ ಹತ್ತೋದು ತೀರಾ ಕಡಿಮೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಂಡ ಮೆಣಸಿನ ಪೈಪರಿನ್ ಜೊತೆ ಕೊಟ್ಟು ನೋಡಿದಾಗ ಅದು ರಕ್ತಕ್ಕೆ ಸೇರೋದು ಶೇ. 2000ದಷ್ಟು ಹೆಚ್ಚಾಯ್ತು. ಹಾಗಂತ ಅರಿಶಿನ ಕುಡಿದ ತಕ್ಷಣ ನೆಗಡಿ ವೈರಸ್ ಸಾಯುತ್ತೆ ಅಂತ ಅರ್ಥ ಅಲ್ಲ. ಮೈಗೆ ಹತ್ತೋದು ಬೇರೆ, ರೋಗ ವಾಸಿಯಾಗೋದು ಬೇರೆ. ಬಿಸಿ ಹಾಲು ಗಂಟಲಿಗೆ ಹಿತ, ನಿದ್ದೆಗೆ ಒಳ್ಳೇದು. ಅಷ್ಟಕ್ಕೆ ಕುಡಿಯಿರಿ.

ದೊಡ್ಡಪತ್ರೆ: ನಾಲ್ಕೈದು ಎಲೆ ಕೆಂಡದ ಮೇಲೆ ಅಥವಾ ಕಾವಲಿಯಲ್ಲಿ ಬಾಡಿಸಿ ರಸ ಹಿಂಡಿ, ಅಷ್ಟೇ ಜೇನು ಬೆರೆಸಿ ಒಂದು ಚಮಚ. ಇದರ ಎಲೆ ಓಮದ ಹಾಗೆ ಘಮ್ ಅನ್ನೋದು ಸುಮ್ಮನೆ ಅಲ್ಲ. ಓಮದಲ್ಲಿರೋ ಥೈಮಾಲ್ ಇದರಲ್ಲೂ ಇದೆ.

ಆಡುಸೋಗೆ: ಕಫ ಕಟ್ಟಿದ ಕೆಮ್ಮಿಗೆ ಹಳಬರು ಇದರ ಎಲೆಯ ಕಷಾಯ ಕೊಡ್ತಿದ್ದರು. ಮೆಡಿಕಲ್ ಅಂಗಡಿಯ ಕಫದ ಸಿರಪ್ಪುಗಳಲ್ಲಿ ಬ್ರೋಮ್‌ಹೆಕ್ಸಿನ್ ಅಂತ ಬರೆದಿರುತ್ತೆ ನೋಡಿ. ಅದನ್ನು ಕಂಡುಹಿಡಿದದ್ದೇ ಆಡುಸೋಗೆಯ ವಾಸಿಸಿನ್ ಅಂಶದ ಜಾಡು ಹಿಡಿದು. ಬದುವಿನ ಬೇಲಿ ಗಿಡ ಅಂತ ಸಸಾರ ಮಾಡಬೇಡಿ. ಆದರೆ ಬಸುರಿ ಹೆಂಗಸರು ಇದನ್ನು ಕುಡಿಯಬಾರದು, ಗರ್ಭಕೋಶದ ಮೇಲೆ ಪರಿಣಾಮ ಮಾಡುತ್ತೆ.

ಸಾರು: ಮೆಣಸಿನ ಸಾರು, ಹುರುಳಿಕಟ್ಟಿನ ಸಾರು, ಮಾಂಸ ತಿನ್ನೋರಿಗೆ ನಾಟಿಕೋಳಿ ಸಾರು. ಬಿಸಿಬಿಸಿ ಕುಡಿದರೆ ಕಟ್ಟಿದ ಮೂಗು ಬಿಡುತ್ತೆ, ಬಾಯಿ ಕೆಟ್ಟಿದ್ದಾಗಲೂ ಎರಡು ತುತ್ತು ಮುದ್ದೆ ಇಳಿಯುತ್ತೆ.

ಇದು ಬೇಡವೇ ಬೇಡ

ಮೂಗಿಗೆ ನಿಂಬೆರಸ, ಎಣ್ಣೆ, ಈರುಳ್ಳಿ ರಸ ಏನನ್ನೂ ಬಿಡಬೇಡಿ. 2021ರಲ್ಲಿ ಕೊರೊನಾ ಎರಡನೇ ಅಲೆ ಹೊತ್ತಿಗೆ ಮೂಗಿಗೆ ನಿಂಬೆರಸ ಬಿಟ್ಟರೆ ಆಕ್ಸಿಜನ್ ಏರುತ್ತೆ ಅಂತ ನಮ್ಮ ರಾಜ್ಯದಲ್ಲೇ ದೊಡ್ಡ ಪ್ರಚಾರ ಆಯ್ತು. ಕೇಂದ್ರದ ವಾರ್ತಾ ಶಾಖೆ ಅದು ಸುಳ್ಳು ಅಂತ ಹೇಳಬೇಕಾಯ್ತು. ಹಾಗೆ ಮಾಡಿಕೊಂಡ ಒಬ್ಬರು ರಾಯಚೂರು ಜಿಲ್ಲೆಯಲ್ಲಿ ತೀರಿಕೊಂಡ ಸುದ್ದಿಯೂ ಪತ್ರಿಕೆಗಳಲ್ಲಿ ಬಂತು. ಫಾರ್ವರ್ಡ್ ಒತ್ತೋ ಮುಂಚೆ ಇದು ನೆನಪಿರಲಿ.

ಕರ್ಪೂರ ಹೊಟ್ಟೆಗೆ ಹೋಗಲೇಬಾರದು. ಸ್ವಲ್ಪ ತಿಂದರೂ ಮಕ್ಕಳಿಗೆ ಫಿಟ್ಸ್ ಬರುತ್ತೆ. ಕೂಸಿನ ಮೂಗಿನ ಹತ್ತಿರವೂ ಹಚ್ಚಬೇಡಿ.

ಕುದಿಯೋ ನೀರಿನ ಪಾತ್ರೆ ಮುಂದಿಟ್ಟು ಕಂಬಳಿ ಹೊದಿಸಿ ಮಕ್ಕಳಿಗೆ ಹಬೆ ಕೊಡೋದು ಬೇಡ. ಹಬೆಯಿಂದ ನೆಗಡಿ ಬೇಗ ವಾಸಿಯಾಗುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಪಾತ್ರೆ ಮಗುಚಿ ತೊಡೆ, ಹೊಟ್ಟೆ ಸುಟ್ಟುಕೊಂಡ ಮಕ್ಕಳು ಮಾತ್ರ ಬೇಕಾದಷ್ಟು ಇದ್ದಾರೆ. ದೊಡ್ಡವರು ಹಿತ ಅನ್ನಿಸಿದರೆ ಪಾತ್ರೆಯನ್ನು ಅಲುಗಾಡದ ಹಾಗೆ ಇಟ್ಟು ತಗೊಳ್ಳಿ.

ಅತಿಮಧುರ, ಅಂದರೆ ಜೇಷ್ಠಮಧು, ದಿನಾ ಅಗಿಯಬೇಡಿ. ಅತಿಯಾದರೆ ಬಿಪಿ ಏರುತ್ತೆ. ಮನೆಯಲ್ಲಿ ಬಿಪಿ ಇರೋ ಅಪ್ಪ, ಅಜ್ಜಿಗೆ ಕೊಡಲೇಬೇಡಿ.

ಆರು ತಿಂಗಳ ಒಳಗಿನ ಕೂಸಿಗೆ ಬಜೆ ತೇಯ್ದು ನೆಕ್ಕಿಸೋದು, ಕಷಾಯ ಕುಡಿಸೋದು ಎಲ್ಲ ನಿಲ್ಲಿಸಿ. ಆ ವಯಸ್ಸಿಗೆ ತಾಯಿ ಹಾಲು ಬಿಟ್ಟು ಬೇರೆ ಏನೂ ಬೇಡ. ಅಂಗಡಿ ಸಿರಪ್ಪೂ ಅಷ್ಟೇ. ಎರಡು ವರ್ಷದ ಒಳಗಿನ ಮಕ್ಕಳಿಗೆ ಕೆಮ್ಮು-ನೆಗಡಿ ಸಿರಪ್ ಕೊಡಬಾರದು ಅಂತ 2025ರಲ್ಲಿ ಕೇಂದ್ರ ಆರೋಗ್ಯ ಇಲಾಖೆಯೇ ಹೇಳಿದೆ. ಕಲಬೆರಕೆ ಕೆಮ್ಮಿನ ಸಿರಪ್ ಕುಡಿದು ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಮಕ್ಕಳು ಸತ್ತಿದ್ದು ಅದೇ ವರ್ಷ.

ಔಷಧಿ ಹೊಡೆದ ದಿನದ "ನೆಗಡಿ"

ಈ ಲೇಖನ ಬರೆಯೋಕೆ ಮುಖ್ಯ ಕಾರಣ ಇದು. ದಯವಿಟ್ಟು ಗಮನ ಇಟ್ಟು ಓದಿ.

ಬೆಳಿಗ್ಗೆ ಪಂಪ್ ಹೆಗಲಿಗೆ ಹಾಕಿ ಔಷಧಿ ಹೊಡೆದಿರ್ತೀರಿ. ಮಧ್ಯಾಹ್ನಕ್ಕೆ ಮೂಗು ಸೋರುತ್ತೆ, ಕಣ್ಣಲ್ಲಿ ನೀರು, ಕೆಮ್ಮು, ಎದೆ ಬಿಗಿತ. "ಬಿಸಿಲಿಗೆ ಶೀತ ಆಗಿದೆ" ಅಂತ ಕಷಾಯ ಕುಡಿದು ಮಲಗಿದರೆ ಅಪಾಯ. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ತರಹದ ರಂಜಕ ಗುಂಪಿನ ಕೀಟನಾಶಕಗಳು ಉಸಿರಿನಿಂದ, ಚರ್ಮದಿಂದ ಒಳಗೆ ಹೋದಾಗ ಮೊದಲು ತೋರಿಸುವ ಲಕ್ಷಣಗಳೇ ಇವು. ನರಗಳ ಸಂದೇಶ ನಿಲ್ಲಿಸುವ ಕಿಣ್ವವನ್ನು ಇವು ಕಟ್ಟಿಹಾಕ್ತವೆ. ಅದರಿಂದ ಮೂಗು, ಕಣ್ಣು, ಬಾಯಿ ಎಲ್ಲ ಕಡೆ ನೀರು ಸುರಿಯುತ್ತೆ.

ವ್ಯತ್ಯಾಸ ಹೀಗೆ ನೋಡಿ. ನೆಗಡಿ ನಿಧಾನವಾಗಿ, ಗಂಟಲು ಕೆರೆತದಿಂದ ಶುರುವಾಗುತ್ತೆ. ಔಷಧಿ ವಿಷ ಹೊಡೆದ ಕೆಲವು ಗಂಟೆಗಳಲ್ಲೇ ಬರುತ್ತೆ. ಅದರ ಜೊತೆ ಜೊಲ್ಲು ಸುರಿಯೋದು, ವಿಪರೀತ ಬೆವರು, ವಾಂತಿ, ಹೊಟ್ಟೆ ನುಲಿತ, ಕಣ್ಣು ಮಂಜು, ಕಣ್ಣುಪಾಪೆ ಚಿಕ್ಕದಾಗೋದು, ಸ್ನಾಯು ಅದುರೋದು ಇರಬಹುದು. ಇದರಲ್ಲಿ ಎರಡು ಮೂರು ಕಂಡರೂ ಬಟ್ಟೆ ಬಿಚ್ಚಿ, ಸೋಪು ಹಾಕಿ ಮೈ ತೊಳೆದು, ತಡ ಮಾಡದೆ ಆಸ್ಪತ್ರೆಗೆ ಹೋಗಿ. 108ಕ್ಕೆ ಕರೆ ಮಾಡಿ. ಔಷಧಿ ಬಾಟಲಿ ಅಥವಾ ಅದರ ಲೇಬಲ್ಲಿನ ಫೋಟೋ ಜೊತೆಗಿರಲಿ. ವೈದ್ಯರಿಗೆ ಅದರ ಹೆಸರು ಗೊತ್ತಾದರೆ ಮದ್ದು ಬೇಗ ಸಿಗುತ್ತೆ. ನಿಮ್ಮ ಕೈಯಲ್ಲಿ ಸ್ಮಾರ್ಟ್‌ಫೋನ್ ಇದೆಯಲ್ಲ, ಹೊಡೆಯೋ ಮುಂಚೆಯೇ ಲೇಬಲ್ಲಿನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಇದು ನೂರು ಫಾರ್ವರ್ಡ್ ಮೆಸೇಜಿಗಿಂತ ಉಪಯೋಗದ ಕೆಲಸ.

ಎರಡು ವಾರ ದಾಟಿದ ಕೆಮ್ಮು

"ನಮ್ಮ ಅಜ್ಜಂದಿರು ಇದೇ ಕಷಾಯ ಕುಡಿದು ನೂರು ವರ್ಷ ಬಾಳಿದರು" ಅನ್ನೋರು ಇದ್ದಾರೆ. ಅವರಿಗೆ ನಾನು ಗೋಕುಲಂ ಪಕ್ಕದ ಕೆಆರ್‌ಎಸ್ ರಸ್ತೆಯನ್ನು ತೋರಿಸ್ತೀನಿ. ಅಲ್ಲಿರುವ ಪಿಕೆಟಿಬಿ ಆಸ್ಪತ್ರೆಯ ಪೂರ್ತಿ ಹೆಸರಿನಲ್ಲಿ ಇರೋದು ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿ. ಕ್ಷಯರೋಗಕ್ಕೆ ಬಲಿಯಾದ ಅವರ ನೆನಪಿಗೇ ಆ ಕ್ಷಯರೋಗ ಆಸ್ಪತ್ರೆ ಆಗಿದ್ದು. ಅರಮನೆಯಲ್ಲಿ ಯಾವ ಕಷಾಯಕ್ಕೆ ಕೊರತೆ ಇತ್ತು? ಯಾವ ವೈದ್ಯರಿಗೆ ಕೊರತೆ ಇತ್ತು? ಆ ಕಾಲದಲ್ಲಿ ಕ್ಷಯಕ್ಕೆ ಮದ್ದೇ ಇರಲಿಲ್ಲ. ಈಗ ಇದೆ, ಅದೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ.

ಪ್ರಪಂಚದ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದಲ್ಲೇ ಇದ್ದಾರೆ. ಹಾಗಾಗಿ ಎರಡು ವಾರ ದಾಟಿದ ಕೆಮ್ಮಿಗೆ ಮನೆಮದ್ದು ನಿಲ್ಲಿಸಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಕಫ ಪರೀಕ್ಷೆ ಮಾಡಿಸಿ. ನಮ್ಮ ಕಡೆ ತಂಬಾಕು ಬೇಯಿಸೋ ಬ್ಯಾರನ್‌ಗಳ ಹೊಗೆಯಲ್ಲಿ ಕೆಲಸ ಮಾಡೋರು "ಹೊಗೆಗೆ ಬಂದ ಕೆಮ್ಮು" ಅಂತ ತಿಂಗಳುಗಟ್ಟಲೆ ಸುಮ್ಮನಿರ್ತಾರೆ. ಹೊಗೆಯಿಂದಲೇ ಇರಬಹುದು, ಪರೀಕ್ಷೆ ಮಾಡಿಸಿದ ಮೇಲೆ ಹಾಗೆ ಹೇಳೋಣ.

ಇನ್ನು ಉಸಿರಾಡೋಕೆ ಕಷ್ಟ, ಮಗುವಿನ ಪಕ್ಕೆ ಒಳಗೆ ಎಳೆಯೋದು, ಮೂರು ದಿನ ದಾಟಿದ ಜ್ವರ, ಕಫದಲ್ಲಿ ರಕ್ತ, ಮಗು ಹಾಲು ಬಿಡೋದು. ಇವುಗಳಲ್ಲಿ ಯಾವುದೇ ಕಂಡರೂ ಎರಡು ವಾರ ಕಾಯಬೇಡಿ, ಅವತ್ತೇ ಹೋಗಿ. ಆಯುರ್ವೇದದಲ್ಲಿ ನಂಬಿಕೆ ಇದ್ದರೆ ಅದಕ್ಕೂ ಓದಿದ ವೈದ್ಯರಿದ್ದಾರೆ. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು 1908ರಿಂದ ಇದೆ. ಯೂಟ್ಯೂಬ್ ವೈದ್ಯರಿಗಿಂತ ಅಲ್ಲಿಯ ಹೊರರೋಗಿ ಚೀಟಿ ಮೇಲು.

ಮದ್ದಿನ ಗಿಡಕ್ಕೇ ವಿಷ ಇರಬಾರದು

ಕೊನೇದಾಗಿ ಬೆಳೆಗಾರರ ಮಾತು. ಶುಂಠಿ ಹೊಲದ ಬದುವಿನಲ್ಲಿ ಬೆಳೆದ ತುಳಸಿ, ಆಡುಸೋಗೆ ಕಿತ್ತು ಕಷಾಯ ಮಾಡಬೇಡಿ. ಗಾಳಿಗೆ ಹಾರಿದ ಔಷಧಿ ಅದರ ಮೇಲೂ ಬಿದ್ದಿರುತ್ತೆ. ಮನೆ ಬಳಕೆಗೆ ಅಂತ ಹಿತ್ತಲಲ್ಲಿ, ಬಚ್ಚಲು ನೀರು ಹೋಗೋ ಜಾಗದ ಹತ್ತಿರ ಎರಡು ತುಳಸಿ, ಒಂದು ಆಡುಸೋಗೆ, ಒಂದು ಮಡಿ ಶುಂಠಿ-ಅರಿಶಿನ ಹಾಕಿ. ದೊಡ್ಡಪತ್ರೆಯ ಒಂದು ಕಡ್ಡಿ ಮುರಿದು ಕುಂಡದಲ್ಲಿ ಊರಿದರೂ ಬರುತ್ತೆ. ಮೆಣಸಿನ ಬಳ್ಳಿಯನ್ನು ತೆಂಗಿಗೋ ಸಿಲ್ವರ್ ಮರಕ್ಕೋ ಹಬ್ಬಿಸಿ. ಈ ಗಿಡಗಳಿಗೆ ರಾಸಾಯನಿಕ ಹೊಡೆಯೋದೇ ಇಲ್ಲ ಅಂತ ಮನೆಯಲ್ಲಿ ನಿಯಮ ಮಾಡಿಕೊಳ್ಳಿ.

ಜಾಗ ಇದ್ದರೆ ಒಂದೆರಡು ತುಡುವೆ ಜೇನಿನ ಪೆಟ್ಟಿಗೆಯನ್ನೂ ಇಡಿ. 2020ರಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರ್ಯಾಂಡಿನ ಜೇನು ಪರೀಕ್ಷೆ ಮಾಡಿಸಿದಾಗ ಎಲ್ಲ ಪರೀಕ್ಷೆ ಪಾಸಾಗಿದ್ದು ಮೂರೇ ಮೂರು. ಉಳಿದವುಗಳಲ್ಲಿ ಸಕ್ಕರೆ ಪಾಕದ ಕಲಬೆರಕೆ ಕಂಡುಬಂತು. ಸಕ್ಕರೆ ಪಾಕ ಕುಡಿದು ಜೇನು ಕೆಲಸ ಮಾಡಲಿಲ್ಲ ಅಂದ್ರೆ ಹೇಗೆ? ಸ್ವಂತ ಪೆಟ್ಟಿಗೆ ಇದ್ದರೆ ಮನೆಗೆ ನಿಜವಾದ ಜೇನು, ತೋಟಕ್ಕೆ ಪರಾಗಸ್ಪರ್ಶ, ಮಿಕ್ಕಿದ್ದು ಮಾರಾಟಕ್ಕೆ.

ಮಾರಾಟದ ಮಾತು ಬಂದಿದ್ದರಿಂದ ಹೇಳ್ತೀನಿ. ಶುಂಠಿಯ 60 ಕೆ.ಜಿ. ಚೀಲದ ರೇಟು ಒಂದು ವರ್ಷ ಮುಗಿಲು, ಇನ್ನೊಂದು ವರ್ಷ ಪಾತಾಳ. ಆದರೆ ಗೋಕುಲಂನಂತಹ ಬಡಾವಣೆಯಲ್ಲಿ ವಿಷ ಹೊಡೆಯದ ಶುಂಠಿ, ತುಳಸಿ, ದೊಡ್ಡಪತ್ರೆ, ನಾಟಿ ಅರಿಶಿನಕ್ಕೆ ವರ್ಷವಿಡೀ ಕೊಳ್ಳೋರು ಇದ್ದಾರೆ. ನಾಲ್ಕು ಗುಂಟೆ ಇದಕ್ಕೆ ಬಿಟ್ಟು ನೋಡಿ. ಮಾರುವಾಗ "ಇದು ಎಲ್ಲ ಕಾಯಿಲೆ ವಾಸಿ ಮಾಡುತ್ತೆ" ಅಂತ ಮಾತ್ರ ಹೇಳಬೇಡಿ. "ಔಷಧಿ ಹೊಡೆದಿಲ್ಲ, ನಮ್ಮ ಮನೆಯವರೂ ಇದನ್ನೇ ಕುಡೀತೀವಿ" ಅಂತ ಹೇಳಿ. ಅದು ನಿಜವೂ ಆಗಿರಲಿ.

ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ಹುಟ್ಟಿದ್ದು ಹತ್ತಿರ ಇರೋದನ್ನು ನಾವು ಸಸಾರ ಮಾಡ್ತೀವಿ ಅಂತ. ಹಾಗಂತ ಎಲ್ಲದಕ್ಕೂ ಹಿತ್ತಲ ಗಿಡವೇ ಮದ್ದು ಅಂತ ಹೊರಟರೂ ತಪ್ಪೇ. ಏಳು ದಿನದ ನೆಗಡಿಗೆ ಹಿತ್ತಲು, ಎರಡು ವಾರದ ಕೆಮ್ಮಿಗೆ ಆಸ್ಪತ್ರೆ, ಔಷಧಿ ಹೊಡೆದ ದಿನದ ಮೂಗು ಸೋರಿಕೆಗೆ 108. ಈ ಮೂರು ಸಾಲನ್ನು ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ, ಬೇಕಿದ್ದರೆ ನಿಮ್ಮ ಗ್ರೂಪಿಗೂ ಕಳಿಸಿ.